ವಾರಕ್ಕೆ ಎರಡು ದಿನ ಫ್ರೆಂಚ್ ಕ್ಲಾಸ್, ಉಳಿದ ದಿನ ಶಿಫ್ಟ್ ಡ್ಯೂಟಿ: ಮನೆಯಲ್ಲಿ ಓದುವುದನ್ನು ಹೇಗೆ ಹೊಂದಿಸಿಕೊಳ್ಳಲಿ?

ವಾರ್ಡ್ ಸಿಸ್ಟರ್ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾನು ಸ್ಟಾಫ್ ನರ್ಸ್. ಒಂದೂವರೆ ತಿಂಗಳಿಂದ ಫ್ರೆಂಚ್ ಎ1, ಅಂದರೆ ಮೊದಲ ಹಂತದ ಕ್ಲಾಸಿಗೆ ಹೋಗುತ್ತಿದ್ದೇನೆ. ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1. ಅಕ್ಕ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದಾಳೆ, ಅಲ್ಲಿ ಫ್ರೆಂಚ್ ಮಾತಾಡುತ್ತಾರೆ. ನನಗೂ ಅಲ್ಲಿಗೆ ಹೋಗುವ ಆಸೆ. ಅದಕ್ಕೇ ಶುರು ಮಾಡಿದ್ದು.

ಕ್ಲಾಸಿನಲ್ಲಿ ಕೂತಾಗ ಎಲ್ಲ ಅರ್ಥವಾಗುತ್ತದೆ. ಮುಂದಿನ ಶನಿವಾರದ ಹೊತ್ತಿಗೆ ಬೋರ್ಡ್ ಒರೆಸಿದ ಹಾಗಾಗಿರುತ್ತದೆ. ನನ್ನ ಡ್ಯೂಟಿ ಒಂದು ವಾರ ಬೆಳಿಗ್ಗೆ 8ರಿಂದ 2, ಇನ್ನೊಂದು ವಾರ 2ರಿಂದ 8, ಆಮೇಲೆ ನೈಟ್. ಕ್ಲಾಸ್ ತಪ್ಪಬಾರದು ಅಂತ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಕೇಳಿಕೊಂಡು ಶನಿವಾರ, ಭಾನುವಾರದ ಡ್ಯೂಟಿ ಹೇಗೋ ಹೊಂದಿಸಿಕೊಂಡಿದ್ದೇನೆ. ಉಳಿದದ್ದು ನನ್ನ ಕೈಲಿಲ್ಲ. ಸ್ಕೆಚ್ ಪೆನ್ನಲ್ಲಿ ‘ರಾತ್ರಿ 9ರಿಂದ 10 ಫ್ರೆಂಚ್’ ಅಂತ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ನಾಲ್ಕು ದಿನ ನಡೆಯಿತು. ಐದನೇ ದಿನ ಡ್ಯೂಟಿ ಬದಲಾಯಿತು, ಅಲ್ಲಿಗೆ ಮುಗಿಯಿತು.

ಹೋದ ವಾರ ಟೀಚರ್ ವಯಸ್ಸು ಕೇಳಿದರು. ‘ಜೆ ಸ್ವಿ ವ್ಯಾಂತ್-ನೆಫ್’ (ನಾನು 29 ಆಗಿದ್ದೇನೆ) ಅಂದೆ. ತಪ್ಪು. ಅದನ್ನು ಎರಡನೇ ವಾರದಲ್ಲೇ ಕಲಿತಿದ್ದೆ. ಮನೆಗೆ ಬರುವಾಗ ಬಸ್ಸಲ್ಲಿ ಕಣ್ಣಲ್ಲಿ ನೀರು ಬಂತು. ಕಟ್ಟಿದ ಫೀಸಿಗಿಂತ ಜಾಸ್ತಿ, ಬಿಟ್ಟುಬಿಡುತ್ತೇನೇನೋ ಅನ್ನುವ ಭಯ. ಕೆಲಸ ಮಾಡಿಕೊಂಡೇ ಭಾಷೆ ಕಲಿತವರು ಯಾರಾದರೂ ದಾರಿ ಹೇಳಿ.

ಬೆಳಗಿನ ಜಾವ (ತುಮಕೂರು)

ಮೇಡಂ, ಮನಸ್ಸಿದ್ದರೆ ಮಾರ್ಗ. ದಿನಾ ಬೆಳಿಗ್ಗೆ 5ಕ್ಕೆ ಎದ್ದು ಒಂದು ಗಂಟೆ ಓದಿ. ನಾನು ಕೆಎಎಸ್‌ಗೆ ಹಾಗೇ ಓದಿದ್ದು. ಒಂದೇ ಹೊತ್ತು, ಒಂದೇ ಜಾಗ. ಮಾಡುತ್ತಾ ಹೋದರೆ ಅಭ್ಯಾಸ ಆಗುತ್ತದೆ.

ಧಾರವಾಡದಾಕಿ

ಸರ್, ಅವರು ನೈಟ್ ಡ್ಯೂಟಿ ಅಂತ ಬರೆದಾರಲ್ರೀ. ಆ ವಾರ ಬೆಳಿಗ್ಗೆ 5ಕ್ಕೆ ಅವರು ಪೇಷಂಟ್ ಬಿಪಿ ನೋಡುತ್ತಿರುತ್ತಾರೆ. ಒಂದೇ ಹೊತ್ತು ಅನ್ನುವುದು ನಮ್ಮ ನಿಮ್ಮಂಥವರಿಗೆ ಸರಿ, ಅವರಿಗೆ ಹೊಂದುವುದಿಲ್ಲ.

ಮೈಸೂರು ಟೀಚರ್

ಸಿಸ್ಟರ್, ನಾನು 14 ವರ್ಷದಿಂದ ಪಿಯು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುತ್ತಿದ್ದೇನೆ. ಸಂಜೆ ಹೊತ್ತು ಕೆಲಸಕ್ಕೆ ಹೋಗುವವರಿಗೂ ಕ್ಲಾಸ್ ಮಾಡುತ್ತೇನೆ. ನಿಮ್ಮಂಥವರನ್ನು ತುಂಬಾ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗಡಿಯಾರಕ್ಕೆ ಕಟ್ಟಿದ ಟೈಮ್ ಟೇಬಲ್ ನಿಮಗೆ ನಿಲ್ಲುವುದಿಲ್ಲ. ಕ್ಲಾಸಿಗೆ ಕಟ್ಟಿ. ಶಿಫ್ಟ್ ಏನೇ ಬದಲಾದರೂ ಶನಿವಾರ ಕ್ಲಾಸ್ ಮುಗಿಯುವುದು 1 ಗಂಟೆಗೇ ಅಲ್ವಾ? ನಿಮ್ಮ ವಾರದಲ್ಲಿ ಅಲುಗಾಡದೆ ನಿಂತಿರುವುದು ಅದೊಂದೇ. ಹಾಗಾಗಿ ‘ಎಷ್ಟು ಗಂಟೆಗೆ ಓದಲಿ’ ಅನ್ನುವುದನ್ನು ಬಿಟ್ಟು ‘ಕ್ಲಾಸ್ ಆಗಿ ಎಷ್ಟು ಹೊತ್ತಾಯಿತು’ ಅಂತ ನೋಡಿ.

ಕ್ಲಾಸ್ ಮುಗಿದ ದಿನವೇ, ಮಲಗುವ ಮುಂಚೆ, ಪುಸ್ತಕ ಮುಚ್ಚಿಟ್ಟು ಒಂದು ಖಾಲಿ ಹಾಳೆ ತಗೊಳ್ಳಿ. ಇವತ್ತು ಏನೇನು ಆಯಿತು ಅಂತ ನೆನಪಿದ್ದಷ್ಟು ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ, ಅರ್ಧ ವಾಕ್ಯ ಆದರೂ ಸರಿ. 15 ನಿಮಿಷ ಸಾಕು. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದ ಪೆನ್ನಲ್ಲಿ ಸೇರಿಸಿ. ಆ ಬೇರೆ ಬಣ್ಣದ್ದಷ್ಟೇ ನಿಮ್ಮ ವಾರದ ಓದು. ಇಡೀ ಪಾಠವನ್ನು ಮತ್ತೆ ಮತ್ತೆ ಓದುತ್ತಾ ಕೂರಬೇಡಿ. ಓದಿದ್ದನ್ನೇ ಓದಿದರೆ ಗೊತ್ತಿದೆ ಅನ್ನುವ ಭಾವನೆ ಬರುತ್ತದೆ, ಬಾಯಿಗೆ ಬರುವುದಿಲ್ಲ.

ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಅವರಿಗೆ ಕಂಡದ್ದು ಇಷ್ಟೇ: ಮರೆವು ಮೊದಲ ದಿನವೇ ಜೋರು, ಆಮೇಲೆ ನಿಧಾನ. ನೀವು ಶುಕ್ರವಾರ ರಾತ್ರಿ ಪುಸ್ತಕ ತೆರೆಯುವ ಹೊತ್ತಿಗೆ ಮುಕ್ಕಾಲು ಪಾಲು ಹೋಗಿರುತ್ತದೆ. ಅದೇ 15 ನಿಮಿಷ ಶನಿವಾರ ರಾತ್ರಿ ಕೊಟ್ಟರೆ ಉಳಿಯುತ್ತದೆ.

ಇನ್ನು ಆ ‘ಜೆ ಸ್ವಿ’ ವಿಷಯ. ಅದು ಮರೆವಿನಿಂದ ಬಂದ ತಪ್ಪಲ್ಲ. ನೀವು ಇಂಗ್ಲಿಷಿನ ಮೂಲಕ ಯೋಚಿಸಿದಿರಿ. ಇಂಗ್ಲಿಷಿನಲ್ಲಿ ‘ನಾನು 29 ಆಗಿದ್ದೇನೆ’ ಅನ್ನುವ ಧಾಟಿ. ಕನ್ನಡದಲ್ಲಿ ನಾವು ಹಾಗೆ ಹೇಳುತ್ತೇವಾ? ‘ನನಗೆ 29 ವರ್ಷ’ ಅನ್ನುತ್ತೇವೆ. ಫ್ರೆಂಚ್ ಕೂಡ ವರ್ಷಗಳು ನನ್ನ ಹತ್ತಿರ ಇವೆ ಅನ್ನುವ ಧಾಟಿ: ‘ಜೇ ವ್ಯಾಂತ್-ನೆವ್ ಆಂ’. ಕೊನೆಯ ‘ವರ್ಷ’ ಬಿಡುವ ಹಾಗಿಲ್ಲ. ಅದು ಬಂದಾಗ ‘ನೆಫ್’ ಹೋಗಿ ‘ನೆವ್’ ಆಗುತ್ತದೆ. ತಲೆನೋವೂ ಹಾಗೇ. ‘ನನಗೆ ತಲೆನೋವಿದೆ’ ಅಂದರೆ ‘ಜೇ ಮಾಲ್ ಅ ಲಾ ತೆತ್’. ಹಸಿವು, ಬಾಯಾರಿಕೆ, ಚಳಿ, ಹೆದರಿಕೆ, ಎಲ್ಲಕ್ಕೂ ‘ಜೇ’. ಕನ್ನಡದ ‘ನನಗೆ’ ಎಲ್ಲೆಲ್ಲಿ ಬರುತ್ತದೋ ಅಲ್ಲಿ ‘ಜೆ ಸ್ವಿ’ ಅನ್ನುವ ಮುಂಚೆ ಒಂದು ಕ್ಷಣ ನಿಲ್ಲಿ. ಎಲ್ಲ ಕಡೆ ನಡೆಯುವ ನಿಯಮ ಅಲ್ಲ, ಆದರೆ ಎ1ರಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಪಿಯು ಹುಡುಗಿ (ಉಡುಪಿ)

ಟೀಚರ್, ‘ನನಗೆ’ ಅನ್ನುವ ವಿಷಯ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ! ನನ್ನದೊಂದು ಪ್ರಶ್ನೆ. ನಾನು ಫ್ರೆಂಚ್ ಪದದ ಉಚ್ಚಾರವನ್ನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಕ್ಲಾಸಿನಲ್ಲಿ ಬೈಯುತ್ತಾರೆ. ಅದು ತಪ್ಪಾ?

ಲಿಯೋನ್ ಕನ್ನಡಿಗ

ಮೊದಲ ಎರಡು ವಾರ ಬರ್ಕೊಳ್ಳಮ್ಮಾ, ತಪ್ಪೇನಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಳ್ಳುವುದಕ್ಕಿಂತ ಎಷ್ಟೋ ಮೇಲು. ಫ್ರೆಂಚಿನ ‘ತ’, ‘ದ’ ನಮ್ಮ ತ, ದ ಇದ್ದ ಹಾಗೇ, ನಾಲಿಗೆ ಹಲ್ಲಿಗೆ ತಾಗಬೇಕು. ಟ, ಡ ಅಲ್ಲ. ಇಂಗ್ಲಿಷಿನ ಮೂಲಕ ಕಲಿತವರು ‘ಟಾಬ್ಲ್’ ಅಂತಾರೆ, ಕನ್ನಡದವರು ಸುಲಭವಾಗಿ ‘ತಾಬ್ಲ್’ ಅನ್ನಬಹುದು. ಪ, ತ, ಕ ಹೇಳುವಾಗ ಇಂಗ್ಲಿಷಿನವರ ಹಾಗೆ ಉಸಿರು ಬಿಡುವ ಅಗತ್ಯವೂ ಇಲ್ಲ. ಇಲ್ಲಿ ಫ್ರಾನ್ಸಿಗೆ ಬಂದ ಹೊಸತರಲ್ಲಿ ನನ್ನ ವ್ಯಾಕರಣ ತಪ್ಪುತಪ್ಪಾಗಿತ್ತು. ಆದರೂ ಅಂಗಡಿಯವರಿಗೆ ನನ್ನ ಮಾತು ತಿಳಿಯುತ್ತಿತ್ತು. ಈ ತ, ದ ಸರಿಯಿದ್ದದ್ದೂ ಅದಕ್ಕೆ ಒಂದು ಕಾರಣ ಅಂತ ನನ್ನ ನಂಬಿಕೆ.

ಆದರೆ ಕನ್ನಡ ಅಕ್ಷರಕ್ಕೆ ಸಿಗದ ಸ್ವರಗಳೂ ಇವೆ. ‘ಮೇಲೆ’ ಅನ್ನುವುದಕ್ಕೆ ಒಂದು ಪದ, ‘ಕೆಳಗೆ’ ಅನ್ನುವುದಕ್ಕೆ ಇನ್ನೊಂದು. ಎರಡನ್ನೂ ಕನ್ನಡದಲ್ಲಿ ಬರೆದರೆ ‘ದೆಸು’, ‘ದೆಸೂ’ ಅಂತಾಗುತ್ತದೆ. ನಿಜವಾದ ವ್ಯತ್ಯಾಸ ಹ್ರಸ್ವ, ದೀರ್ಘದ್ದಲ್ಲ, ಬಾಯಿಯದು. ‘ಈ’ ಅಂತ ಹೇಳಿ. ನಾಲಿಗೆ ಅಲ್ಲೇ ಇರಲಿ, ಅಲುಗಾಡಿಸಬೇಡಿ. ಈಗ ತುಟಿ ಮಾತ್ರ ‘ಊ’ ಹೇಳುವ ಹಾಗೆ ಮುಂದೆ ತನ್ನಿ. ಬಂತಲ್ಲ, ಅದೇ ‘ಮೇಲೆ’ ಅನ್ನುವ ಪದದ ಸ್ವರ. ಮಾಮೂಲಿ ‘ಊ’ ಅಂದರೆ ‘ಕೆಳಗೆ’ ಆಗುತ್ತದೆ. ಸಿಸ್ಟರ್, ನಿಮ್ಮ ಕೆಲಸದಲ್ಲಿ ನೋವು ಮೇಲಾ, ಕೆಳಗಾ ಅನ್ನುವುದು ಮುಖ್ಯ ಅಲ್ವಾ? ಕನ್ನಡಿ ಮುಂದೆ ನಿಂತು ದಿನಕ್ಕೆ ಹತ್ತು ಸಲ ಮಾಡಿ.

ಮೈಸೂರು ಟೀಚರ್

ಲಿಯೋನ್‌ನವರು ಹೇಳಿದ್ದು ಸರಿ. ಎರಡು ವಾರ ಆದ ಮೇಲೆ ಕನ್ನಡ ಬರೆಯುವುದನ್ನು ನಿಲ್ಲಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪಾಠದ ಆಡಿಯೊ ಒಂದು ವಾಕ್ಯ, ನಿಮ್ಮ ದನಿ ಒಂದು ವಾಕ್ಯ, ಎರಡನ್ನೂ ಕೇಳಿ.

ಇನ್ನೊಂದು ಕಾರಣವೂ ಇದೆ. ಫ್ರೆಂಚಿನಲ್ಲಿ ಕಣ್ಣಿಗೆ ಕಾಣುವುದೇ ಬೇರೆ, ಕಿವಿಗೆ ಬೀಳುವುದೇ ಬೇರೆ. ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವರು ಮಾತಾಡುತ್ತಾರೆ, ಮೂರಕ್ಕೂ ಬರೆಯುವ ಪ್ರತ್ಯಯ ಬೇರೆ ಬೇರೆ. ಕೇಳಿಸುವುದು ಮಾತ್ರ ಒಂದೇ ‘ಪಾರ್ಲ್’. ಕನ್ನಡದಲ್ಲಿ ‘ಹೋಗ್ತೀನಿ’ ಅಂದರೆ ಸಾಕು, ‘ನಾನು’ ಬೇಕಾಗಿಲ್ಲ. ಫ್ರೆಂಚಿನಲ್ಲಿ ‘ಜೆ’, ‘ತು’, ‘ಇಲ್’ ಬಿಟ್ಟರೆ ಯಾರು ಅಂತಲೇ ಗೊತ್ತಾಗುವುದಿಲ್ಲ. ಕನ್ನಡದ ಮಕ್ಕಳು ಪರೀಕ್ಷೆಯಲ್ಲಿ ಇದನ್ನೇ ಬಿಟ್ಟು ಅಂಕ ಕಳೆದುಕೊಳ್ಳುತ್ತಾರೆ.

ಧಾರವಾಡದಾಕಿ

ಸಿಸ್ಟರ್, ಪದ ನೆನಪಿಡುವುದಕ್ಕೆ ನಾನು ಮಾಡಿದ್ದು ಹೇಳುತ್ತೇನೆ. ನನ್ನದು ಜರ್ಮನ್, ಆದರೆ ದಾರಿ ಒಂದೇ. ಮನೆಯಲ್ಲಿ ಹಳೇ ಮದುವೆ ಆಮಂತ್ರಣ ಪತ್ರಿಕೆ ರಾಶಿ ಇತ್ತು. ದಪ್ಪ ಕಾಗದ, ಹಿಂದೆ ಖಾಲಿ. ಒಂದೊಂದನ್ನು ನಾಲ್ಕು ತುಂಡು ಮಾಡಿದೆ. ಒಂದು ಕಡೆ ಜರ್ಮನ್, ಇನ್ನೊಂದು ಕಡೆ ಕನ್ನಡ. ಫರ್ಸ್ಟ್ ಕ್ಲಾಸ್ ಕಾರ್ಡಾಗುತ್ತದೆ.

ಪೇಡೆ ತಂದ ಡಬ್ಬಿಯಲ್ಲಿ ರಟ್ಟು ಇಟ್ಟು ನಾಲ್ಕು ಖಾನೆ ಮಾಡಿದೆ. ಹೊಸ ಕಾರ್ಡು ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ಮತ್ತೆ ಮೊದಲನೆಯದಕ್ಕೆ. ಮೊದಲ ಖಾನೆ ದಿನಾ ನೋಡಬೇಕು, ಎರಡನೆಯದು ಎರಡು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ, ಕೊನೆಯದು ತಿಂಗಳಿಗೊಮ್ಮೆ. ಇದು ಲೈಟ್ನರ್ ಅನ್ನುವ ಜರ್ಮನ್ ಬರಹಗಾರರು 1970ರ ದಶಕದಲ್ಲಿ ಹೇಳಿಕೊಟ್ಟ ವಿಧಾನ. ಇದನ್ನೇ ಫೋನಿನಲ್ಲಿ ಮಾಡುವುದಕ್ಕೆ ಆಂಕಿ ಅನ್ನುವ ಆ್ಯಪ್ ಇದೆ. ನನಗೆ ಕಾಗದವೇ ಹಿಡಿಸಿತು, ಕೈಯಲ್ಲಿ ಬರೆಯುವಾಗಲೇ ಅರ್ಧ ಪಾಠ ಆಗಿರುತ್ತದೆ. ಡ್ಯೂಟಿಗೆ ಹೋಗುವಾಗ ಮೊದಲ ಖಾನೆಯ ಕಾರ್ಡಿಗೆ ರಬ್ಬರ್ ಬ್ಯಾಂಡ್ ಹಾಕಿ ಬ್ಯಾಗಿಗೆ ಹಾಕಿಕೊಳ್ಳಿ.

ಮೈಸೂರು ಟೀಚರ್

ಒಂದು ಮಾತು ಸೇರಿಸುತ್ತೇನೆ. ಫ್ರೆಂಚ್ ಕಾರ್ಡಿನಲ್ಲಿ ‘ಲೆ’ ಅಥವಾ ‘ಲಾ’ ಇಲ್ಲದೆ ಒಂದು ಪದವನ್ನೂ ಬರೆಯಬೇಡಿ. ಕನ್ನಡದಲ್ಲಿ ಕೈ, ತೋಳು, ಬೆನ್ನು ಎಲ್ಲ ‘ಅದು’. ಅಲ್ಲಿ ಕೈ ಹೆಣ್ಣು, ‘ಲಾ ಮ್ಯಾಂ’. ತೋಳು ಗಂಡು, ‘ಲೆ ಬ್ರಾ’. ಗಂಡಿಗೆ ನೀಲಿ ಪೆನ್ನು, ಹೆಣ್ಣಿಗೆ ಕೆಂಪು ಪೆನ್ನು ಬಳಸಿದರೆ ಪದ ನೆನಪಾದಾಗ ಬಣ್ಣವೂ ಜೊತೆಗೆ ಬರುತ್ತದೆ.

ಬಸ್ಸಲ್ಲಿ ಓದುವವನು (ಬೆಂಗಳೂರು)

ನನ್ನ ಪಾಲಿಗೆ ಭಾರಿ ಕಷ್ಟ ಅಂದರೆ ಅಂಕಿಗಳು. 70 ಅಂದರೆ ‘ಅರವತ್ತು-ಹತ್ತು’, 80 ಅಂದರೆ ‘ನಾಲ್ಕು-ಇಪ್ಪತ್ತು’, 90 ಅಂದರೆ ‘ನಾಲ್ಕು-ಇಪ್ಪತ್ತು-ಹತ್ತು’. ಪುಸ್ತಕ ನೋಡಿ ಕಲಿಯಲು ಆಗಲೇ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮುಂದಿನ ಗಾಡಿ ನಂಬರ್ ಓದಲು ಶುರು ಮಾಡಿದೆ. ಫ್ರಾನ್ಸಿನಲ್ಲಿ ಫೋನ್ ನಂಬರನ್ನು ಎರಡೆರಡು ಅಂಕಿ ಜೋಡಿಸಿ ಹೇಳುತ್ತಾರೆ, ಅದಕ್ಕೆ ನಾನೂ ಎರಡೆರಡಾಗಿ ಓದುತ್ತೇನೆ. 7892 ಕಂಡರೆ ‘ಸ್ವಾಸಾಂತ್-ದಿಜ್-ಉಯಿತ್, ಕಾತ್ರ್-ವ್ಯಾಂ-ದೂಜ್’. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಎಷ್ಟು ಗಾಡಿ ಸಿಗುತ್ತವೆ ನೋಡಿ. ಒಂದು ತಿಂಗಳಲ್ಲಿ ಬಾಯಿಗೆ ಬಂತು.

ಬೆಳಗಿನ ಜಾವ (ತುಮಕೂರು)

ಧಾರವಾಡದವರು ಹೇಳಿದ್ದು ನಿಜ. ನೈಟ್ ಡ್ಯೂಟಿ ಬಗ್ಗೆ ನಾನು ಯೋಚನೆ ಮಾಡದೆ ಬರೆದೆ, ತಪ್ಪು ತಿಳಿಯಬೇಡಿ ಸಿಸ್ಟರ್. ಆದರೂ ಒಂದು ಕೇಳುತ್ತೇನೆ. ಇಷ್ಟೆಲ್ಲ ಸಣ್ಣ ಸಣ್ಣ ತುಂಡಾಗಿ ಓದಿದರೆ ಪರೀಕ್ಷೆ ದಾಟಲು ಆಗುತ್ತದಾ? ಎಲ್ಲಾದರೂ ಒಂದು ಕಡೆ ಗಟ್ಟಿಯಾಗಿ ಕೂರಲೇಬೇಕಲ್ವಾ?

ಮತ್ತೆ ಶುರು ಮಾಡಿದವ (ಮಂಗಳೂರು)

ಇದಕ್ಕೆ ನಾನು ಉತ್ತರ ಕೊಡುತ್ತೇನೆ, ಗಟ್ಟಿಯಾಗಿ ಕೂತು ಪೆಟ್ಟು ತಿಂದವನು ನಾನು.

ಒಂದು ಕೋಚಿಂಗ್ ಸೆಂಟರಿನವರು ಮೂರು ತಿಂಗಳಲ್ಲಿ ಬಿ2 (ಎ1, ಎ2, ಬಿ1 ಆದ ಮೇಲಿನ ಹಂತ) ಮಾಡಿಸುತ್ತೇವೆ ಅಂದರು. ನಂಬಿ ಸಾಲ ಮಾಡಿ ಫೀಸ್ ಕಟ್ಟಿದೆ. ಬಿ2 ತಲುಪಲು ಸುಮಾರು 600 ಗಂಟೆ ಪಾಠ ಬೇಕು ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಮೂರು ತಿಂಗಳಿಗೆ ಹಂಚಿದರೆ ದಿನಕ್ಕೆ ಆರೂವರೆ ಗಂಟೆಗಿಂತ ಜಾಸ್ತಿ, ಒಂದು ದಿನವೂ ರಜೆ ಇಲ್ಲದೆ. ಸೇರುವ ಮುಂಚೆ ಈ ಭಾಗಾಕಾರವನ್ನು ನಾನು ಮಾಡಿ ನೋಡಬೇಕಿತ್ತು. ಅವರೂ ಹೇಳಬೇಕಿತ್ತು.

ಆರು ತಿಂಗಳಾದ ಮೇಲೆ ಡೆಲ್ಫ್ ಅನ್ನುವ ಫ್ರೆಂಚ್ ಪರೀಕ್ಷೆಯ ಬಿ1 ಬರೆದೆ. ವಾರದ ದಿನ ಏನೂ ಇಲ್ಲ, ಭಾನುವಾರ ಮಾತ್ರ ಐದು ಗಂಟೆ ಕೂತು ವ್ಯಾಕರಣ, ಹಳೇ ಪ್ರಶ್ನೆಪತ್ರಿಕೆ. ಡೆಲ್ಫ್‌ನಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ, ಒಂದೊಂದಕ್ಕೆ 25 ಅಂಕ. 100ಕ್ಕೆ 50 ಬಂದರೆ ಪಾಸು. ನನಗೆ 53 ಬಂತು. ಆದರೂ ಫೇಲ್. ಪ್ರತಿ ಭಾಗದಲ್ಲೂ ಕನಿಷ್ಠ 5 ಬರಬೇಕು. ಕೇಳುವ ಭಾಗದಲ್ಲಿ ನನಗೆ ಬಂದದ್ದು 4. ಆಡಿಯೊ ಶುರುವಾದಾಗ ಮೊದಲ ವಾಕ್ಯದಲ್ಲೇ ಸಿಕ್ಕಿಕೊಂಡೆ, ಅದೇನು ಅಂತ ಯೋಚಿಸುವಷ್ಟರಲ್ಲಿ ಉಳಿದದ್ದು ಮುಗಿದಿತ್ತು. ಆ ಹಾಲ್‌ನಲ್ಲಿ ಕೈ ತಣ್ಣಗಾದದ್ದು ಇನ್ನೂ ನೆನಪಿದೆ.

ಭಾನುವಾರ ಮಾತ್ರ ಕೂತರೆ ಕಿವಿ ಪಳಗುವುದಿಲ್ಲ. ಅದಕ್ಕೆ ದಿನಾ ಬೇಕು, ಸ್ವಲ್ಪವೇ ಆದರೂ ದಿನಾ. ಈಗ ನಾನು ಆರ್‌ಎಫ್‌ಐ ರೇಡಿಯೊದವರ ಸುಲಭ ಫ್ರೆಂಚ್ ವಾರ್ತೆ ಕೇಳುತ್ತೇನೆ, 10 ನಿಮಿಷದ್ದು. ಬರಹವೂ ಸಿಗುತ್ತದೆ. ಮೊದಲು ಬರಹ ನೋಡದೆ ಕೇಳುವುದು, ಆಮೇಲೆ ನೋಡಿಕೊಂಡು, ಕೊನೆಗೆ ಮತ್ತೆ ನೋಡದೆ. ಎ1ನವರಿಗೆ ಇದು ಕಷ್ಟ. ಸಿಸ್ಟರ್, ನೀವು ಈಗ ಟಿವಿ5 ಮೋಂದ್ ಅನ್ನುವ ಫ್ರೆಂಚ್ ಚಾನೆಲ್‌ನವರ ಕಲಿಕೆಯ ಜಾಲತಾಣ ನೋಡಿ, ಎ1ಗೆ ಅಂತಲೇ ಸಣ್ಣ ವಿಡಿಯೊ, ಅಭ್ಯಾಸ ಇವೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು. ಕೆನಡಾ ಅಂದಿರಿ. ಅಲ್ಲಿನ ಕೇಂದ್ರ ಸರ್ಕಾರದ ವಲಸೆ ಅರ್ಜಿಗೆ ಡೆಲ್ಫ್ ನಡೆಯುವುದಿಲ್ಲ. ಟೆಫ್ ಕೆನಡಾ ಇಲ್ಲವೇ ಟಿಸಿಎಫ್ ಕೆನಡಾ ಬರೆಯಬೇಕು, ಆ ಅಂಕಕ್ಕೆ ಎರಡೇ ವರ್ಷ ಬೆಲೆ. ಬೇಗ ಬರೆದು ಇಟ್ಟುಕೊಳ್ಳೋಣ ಅಂತ ಮಾಡಬೇಡಿ. ಈಗ ಪರೀಕ್ಷೆ ಮರೆತು ಎ1, ಎ2 ಗಟ್ಟಿ ಮಾಡಿಕೊಳ್ಳಿ.

ಪಿಯು ಹುಡುಗಿ (ಉಡುಪಿ)

ಅಣ್ಣಾ, ಈ ಸಲ ನೀವು ಪಾಸಾಗುತ್ತೀರಿ.

ವಾರ್ಡ್ ಸಿಸ್ಟರ್ (ಬೆಂಗಳೂರು)

ಮೂರು ವಾರ ಆಯಿತು, ಉತ್ತರ ಬರೆಯಲು ತಡವಾಯಿತು, ಕ್ಷಮಿಸಿ. ಮಧ್ಯೆ ಒಂದು ವಾರ ನೈಟ್ ಇತ್ತು. ಹೇಳಿದ್ದನ್ನೆಲ್ಲ ಮಾಡಲು ಆಗಲಿಲ್ಲ. ಆದದ್ದನ್ನು ಬರೆಯುತ್ತೇನೆ.

ಖಾಲಿ ಹಾಳೆ ಮಾತ್ರ ಒಂದು ಕ್ಲಾಸಿಗೂ ತಪ್ಪಿಸಿಲ್ಲ. ಮೊದಲ ದಿನ ಏಳೇ ಸಾಲು ಬರೆಯಲು ಆಯಿತು. ಬಿಟ್ಟುಹೋದದ್ದು, ಕೆಂಪು ಪೆನ್ನಿನದು, ಒಂದೂವರೆ ಪುಟ. ನೋಡಿ ಎದೆ ಧಸಕ್ ಅಂತು. ಆದರೆ ವಾರ ಪೂರ್ತಿ ಆ ಒಂದೂವರೆ ಪುಟ ಓದಿದರೆ ಸಾಕು ಅಂದಾಗ ಹಗುರವಾಯಿತು. ಮುಂಚೆ ಎಲ್ಲಿಂದ ಶುರು ಮಾಡಲಿ ಅನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು. ಹೋದ ಭಾನುವಾರ ನೆನಪಿನಿಂದ ಬರೆದ ನೀಲಿ ಮುಕ್ಕಾಲು ಪುಟ ಇತ್ತು.

ಫ್ರಿಜ್ ಮೇಲಿನ ಟೈಮ್ ಟೇಬಲ್ ತೆಗೆದುಬಿಟ್ಟೆ. ಯಾವ ಶಿಫ್ಟ್ ಆದರೂ ಯೂನಿಫಾರ್ಮ್ ಹಾಕಿಕೊಳ್ಳುವುದು ತಪ್ಪುವುದಿಲ್ಲ. ಲಾಕರ್ ರೂಮಿನಲ್ಲಿ ಯೂನಿಫಾರ್ಮ್ ಹಾಕಿಕೊಳ್ಳುವ ಮುಂಚೆ ಹತ್ತು ಕಾರ್ಡು, ಡ್ಯೂಟಿ ಮುಗಿಸಿ ತೆಗೆದ ಮೇಲೆ ಹತ್ತು. ಅತ್ತಿಗೆ ಮದುವೆಯ ಉಳಿದ ಆಮಂತ್ರಣ ಪತ್ರಿಕೆ 60 ಇತ್ತು, ಅಮ್ಮ ಕೂತು ಕತ್ತರಿಸಿ ಕೊಟ್ಟರು. ಡ್ಯೂಟಿ ಹೊತ್ತಿನಲ್ಲಿ ಕಾರ್ಡು ಮುಟ್ಟುವುದಿಲ್ಲ, ಅದು ಸರಿಯಲ್ಲ. ಆದರೆ ಬೆಡ್ ಸರಿ ಮಾಡುವಾಗ ಮನಸ್ಸಿನಲ್ಲೇ ‘ಲಾ ಮ್ಯಾಂ, ಲೆ ಬ್ರಾ, ಲೆ ದೋ’ ಅಂದುಕೊಳ್ಳುತ್ತೇನೆ. ಕೈ ಅದರ ಪಾಡಿಗೆ ಕೆಲಸ ಮಾಡುತ್ತಿರುತ್ತದೆ.

ನೈಟ್ ವಾರದಲ್ಲಿ ಬರೀ ಕೇಳಿದೆ, ಏನೂ ಬರೆಯಲಿಲ್ಲ. ಬೆಳಿಗ್ಗೆ ಮನೆಗೆ ಬರುವ ಬಸ್ಸಿನಲ್ಲಿ ಪಾಠದ ಆಡಿಯೊ ಒಂದೇ ಒಂದು, ಮೂರು ಸಲ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ, ಕಣ್ಣು ಎಳೆಯುತ್ತದೆ. ಟೀಚರ್, ಇದು ಸಾಕಾ?

ಶನಿವಾರ ಕ್ಲಾಸಿನಲ್ಲಿ ಜೋಡಿ ಮಾಡಿ ಡಾಕ್ಟರ್, ಪೇಷಂಟ್ ಸಂಭಾಷಣೆ ಮಾಡಿಸಿದರು. ‘ಊ ಅವೇ-ವೂ ಮಾಲ್?’ ಅಂತ ನಾನು ಕೇಳಬೇಕಿತ್ತು, ಎಲ್ಲಿ ನೋವಿದೆ ಅಂತ. ದಿನಾ ನೂರು ಸಲ ಕನ್ನಡದಲ್ಲಿ, ತಮಿಳಿನಲ್ಲಿ, ಹಿಂದಿಯಲ್ಲಿ ಕೇಳುವ ಮಾತು. ಬಾಯಿಂದ ತಾನಾಗಿ ಬಂತು. ಪಕ್ಕದ ಹುಡುಗ ‘ಜೆ ಸ್ವಿ’ ಅಂತ ಶುರು ಮಾಡಿದ. ನಾನು ಮೆಲ್ಲಗೆ ‘ನನಗೆ, ನನಗೆ’ ಅಂದೆ. ಅವನೂ ಕನ್ನಡದವನೇ, ತಕ್ಷಣ ತಿದ್ದಿಕೊಂಡ.

ಮೈಸೂರು ಟೀಚರ್

ಧಾರಾಳವಾಗಿ ಸಾಕು ಸಿಸ್ಟರ್. ನೈಟ್ ವಾರದಲ್ಲಿ ನಿದ್ದೆ ಕಡಿಮೆ ಮಾಡಿ ಓದಬೇಡಿ. ಕಲಿತದ್ದು ಗಟ್ಟಿಯಾಗುವುದಕ್ಕೂ ನಿದ್ದೆ ಬೇಕು. ಆ ವಾರ ಇದ್ದದ್ದನ್ನು ಕಾಪಾಡಿಕೊಂಡರೆ ಆಯಿತು, ಹೊಸದು ಮಾರ್ನಿಂಗ್ ಡ್ಯೂಟಿ ವಾರಕ್ಕೆ ಇರಲಿ. ಒಂದು ಮಾತ್ರ ಇನ್ನೂ ಆಗಬೇಕು. ಕ್ಲಾಸಿನ ಹೊರಗೆ ಯಾರ ಜೊತೆಗಾದರೂ ವಾರಕ್ಕೊಮ್ಮೆ ಬಾಯಿಬಿಟ್ಟು ಮಾತಾಡಿ, ಹತ್ತು ನಿಮಿಷ ಸಾಕು. ಅದಕ್ಕೆ ಪುಸ್ತಕ ಬೇಡ.

ಲಿಯೋನ್ ಕನ್ನಡಿಗ

ಮಾತಾಡುವಾಗ ‘ವೂ’ ಅಂತಲೇ ಅಭ್ಯಾಸ ಮಾಡಿಕೊಳ್ಳಿ. ಅದು ನಮ್ಮ ‘ನೀವು’. ಪೇಷಂಟಿಗೆ, ಡಾಕ್ಟರಿಗೆ, ಅಂಗಡಿಯವರಿಗೆ ಅದೇ ಸರಿ. ‘ತು’ ಅಂದರೆ ‘ನೀನು’, ಗೆಳೆಯರಿಗೆ, ಮನೆಯವರಿಗೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅಂಗಡಿಗೆ ಹೋದರೆ ಮೊದಲು ‘ಬೊಂಜೂರ್’ ಅಂತ ನಮಸ್ಕಾರ, ಆಮೇಲೆ ಬೇಕಾದದ್ದು ಕೇಳಬೇಕು. ನೇರವಾಗಿ ಕೇಳಿದರೆ ಮುಖ ಗಂಟಿಕ್ಕುತ್ತಾರೆ.

ಪಿಯು ಹುಡುಗಿ (ಉಡುಪಿ)

ಅಕ್ಕಾ, ನಾನು ಮಾತಾಡಬಹುದಾ ನಿಮ್ಮ ಜೊತೆ? ನನಗೂ ಮನೆಯಲ್ಲಿ ಯಾರೂ ಇಲ್ಲ, ಫ್ರೆಂಚ್ ಬರುವವರು. ಅಮ್ಮನ ಹತ್ತಿರ ಕೇಳಿದ್ದೇನೆ, ಅವರ ಫೋನಿಂದ ಮಾಡಬಹುದು ಅಂದಿದ್ದಾರೆ. ವಾರಕ್ಕೆ ಹತ್ತೇ ನಿಮಿಷ.

ವಾರ್ಡ್ ಸಿಸ್ಟರ್ (ಬೆಂಗಳೂರು)

ಖಂಡಿತ ಪುಟ್ಟಾ. ಈ ತಿಂಗಳು ಭಾನುವಾರ ರಾತ್ರಿ 9ಕ್ಕೆ ನಾನು ಮನೆಯಲ್ಲಿರುತ್ತೇನೆ. ನಂಬರ್ ಇಲ್ಲಿ ಹಾಕುವುದು ಬೇಡ, ಬೇರೆಯಾಗಿ ಕಳಿಸುತ್ತೇನೆ, ಅಮ್ಮನಿಗೂ ತೋರಿಸು. ಮೊದಲ ವಾರ ಗಾಡಿ ನಂಬರ್ ಓದೋಣ, ನೀನು ಐದು ಬರೆದಿಟ್ಟುಕೋ, ನಾನು ಐದು. ಮತ್ತೆ, ರಾತ್ರಿ 9 ಅಲ್ವಾ, ಫೋನ್ ಎತ್ತಿದ ತಕ್ಷಣ ‘ಬೊಂಸ್ವಾರ್’, ಸಂಜೆಯ ನಮಸ್ಕಾರ, ಅನ್ನಬೇಕು.